ಕರೆದಾಗ ಬಂದು ಕೂರಬೇಕು

ಓದುಗರ ಪತ್ರ: “ಕಳೆದ ಸಂಚಿಕೆಯಲ್ಲಿ ಅಮೆರಿಕವನ್ನು ಟೀಕಿಸಿ ಎರಡು ಪುಟ ಬರೆದಿದ್ದೀರಿ. ಅದು ಜಿನೀವಾದ ಮಾನವ ಹಕ್ಕುಗಳ ಪರಿಶೀಲನೆಗೆ ಹೋಗದೇ ಇದ್ದದ್ದೇ ಸರಿ. ನಮ್ಮ ಮನೆ ವಿಚಾರ ಕೇಳಲು ಊರವರು ಯಾರು? ಅಲ್ಲಿ ಕೂತವರಲ್ಲಿ ಅರ್ಧ ಜನ ಸರ್ವಾಧಿಕಾರಿಗಳು. ನಮ್ಮಲ್ಲಿ ಕೋರ್ಟ್ ಇದೆ, ಆಯೋಗ ಇದೆ. ಭಾರತವೂ ಇನ್ನು ಮುಂದೆ ಹೋಗಬಾರದು. ಕನ್ನಡ ಶಾಲೆಗಳು ಒಂದೊಂದಾಗಿ ಮುಚ್ಚುತ್ತಿರುವಾಗ ಮುಂಬಯಿಯ ಕನ್ನಡ ಮಾಸಿಕಕ್ಕೆ ಈ ಉಸಾಬರಿ ಯಾಕೆ?” – ನಿವೃತ್ತ ಬ್ಯಾಂಕ್ ಅಧಿಕಾರಿ, ಡೊಂಬಿವಲಿ

ಸಂಪಾದಕರ ಉತ್ತರ:

ಮಾನ್ಯರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೈಯಲ್ಲೇ ಪುಟಗಟ್ಟಲೆ ಬರೆದು, ಅಂಚೆಗೆ ಹಾಕಿ, ಸಂಪಾದಕನನ್ನು ತರಾಟೆಗೆ ತೆಗೆದುಕೊಳ್ಳುವ ಓದುಗರು ಈಗ ಅಪರೂಪ. ನಿಮ್ಮಂಥವರು ಇದ್ದಾರೆಂದೇ ಪತ್ರಿಕೆ ನಡೆಸಲು ಹುರುಪು ಬರುತ್ತದೆ. ಆದರೆ ನಿಮ್ಮ ಮಾತನ್ನು ನಾನು ಒಪ್ಪಲಾರೆ. ಈ ವಿಷಯದಲ್ಲಿ ನನಗೆ ಸ್ವಲ್ಪ ಜಾಸ್ತಿಯೇ ಹೇಳಲಿಕ್ಕಿದೆ.

ಕಳೆದ ಸಂಚಿಕೆ ನೋಡದವರಿಗಾಗಿ ನಡೆದದ್ದನ್ನು ಹೇಳಿಬಿಡುತ್ತೇನೆ. ವಿಶ್ವಸಂಸ್ಥೆಯ ಮಹಾಸಭೆ 2006ರ ಮಾರ್ಚ್ 15ರಂದು ಮಾನವ ಹಕ್ಕುಗಳ ಮಂಡಳಿಯನ್ನು ಹುಟ್ಟುಹಾಕಿತು. ಅದರ ಜೊತೆಗೇ ಒಂದು ಹೊಸ ಪದ್ಧತಿ ಬಂತು. ಎಲ್ಲ 193 ದೇಶಗಳೂ ಸರದಿಯ ಪ್ರಕಾರ, ನಾಲ್ಕೈದು ವರ್ಷಕ್ಕೊಮ್ಮೆ, ತಮ್ಮ ದೇಶದ ಮಾನವ ಹಕ್ಕುಗಳ ಸ್ಥಿತಿಗತಿಯ ಬಗ್ಗೆ ಉಳಿದವರೆದುರು ಕೂತು ಉತ್ತರ ಹೇಳಬೇಕು. ಇಂಗ್ಲಿಷಿನಲ್ಲಿ ಚಿಕ್ಕದಾಗಿ ಯುಪಿಆರ್ ಅನ್ನುತ್ತಾರೆ. ದೊಡ್ಡ ದೇಶ, ಸಣ್ಣ ದೇಶ ಎಂಬ ಭೇದವಿಲ್ಲ. 2008ರ ಏಪ್ರಿಲ್‌ನಲ್ಲಿ ಮೊದಲ ತಂಡವನ್ನು ಕರೆದಾಗ ಅದರಲ್ಲಿ ಬ್ರಿಟನ್, ಬ್ರೆಜಿಲ್, ದಕ್ಷಿಣ ಆಫ್ರಿಕಗಳ ಜೊತೆ ನಾವೂ ಇದ್ದೆವು.

ಅಮೆರಿಕ 2010ರಲ್ಲಿ ಹೋಯಿತು, 2015ರಲ್ಲಿ ಹೋಯಿತು. 2018ರಲ್ಲಿ ಸಿಟ್ಟು ಮಾಡಿಕೊಂಡು ಮಂಡಳಿಯಿಂದ ಹೊರಬಂದ ಮೇಲೂ 2020ರ ನವೆಂಬರ್‌ನಲ್ಲಿ ಬಂದು ಕೂತು ಉತ್ತರ ಕೊಟ್ಟಿತು. 2025ರ ನವೆಂಬರ್ 7ರಂದು ಮಾತ್ರ ಅದರ ಕುರ್ಚಿ ಖಾಲಿ ಇತ್ತು. ಅದಕ್ಕೂ ಮುಂಚೆ ಹೀಗೆ ಗೈರುಹಾಜರಾದದ್ದು ಒಂದೇ ದೇಶ. 2013ರ ಜನವರಿಯಲ್ಲಿ ಇಸ್ರೇಲ್. ಅದೂ ಅದೇ ವರ್ಷ ಅಕ್ಟೋಬರ್‌ನಲ್ಲಿ ಬಂತು. ಉತ್ತರ ಕೊರಿಯಾ ಕೂಡ ತನ್ನ ಸರದಿ ತಪ್ಪಿಸಿಲ್ಲ, ಗೊತ್ತೇ ನಿಮಗೆ? ತನ್ನ ಜನರಿಗೆ ಬಾಯಿ ಬಿಡಲು ಬಿಡದ ಸರ್ಕಾರವೂ ಅಲ್ಲಿ ಬಂದು ಕೂರುತ್ತದೆ. ಅಲ್ಲಿ ಅದು ಹೇಳುವುದನ್ನು ನಂಬಬೇಕಾಗಿಲ್ಲ. ಆದರೆ ಎದುರಿನವರು ಕೇಳಿದ್ದೂ ಅದು ಕೊಟ್ಟ ಉತ್ತರವೂ ಕಡತದಲ್ಲಿ ಉಳಿಯುತ್ತವೆ.

ನಿಮ್ಮ ಆಕ್ಷೇಪಣೆಯಲ್ಲಿ ಹುರುಳಿಲ್ಲ ಎನ್ನುವುದಿಲ್ಲ. ಆ ಮಂಡಳಿಯ 47 ಸ್ಥಾನಗಳಲ್ಲಿ ಚೀನಾ, ಕ್ಯೂಬಾ, ಸೌದಿ ಅರೇಬಿಯಾಗಳೂ ಕೂತಿದ್ದುಂಟು. ಇಸ್ರೇಲ್ ಒಂದಕ್ಕೇ ಕಾಯಂ ಕಾರ್ಯಸೂಚಿಯ ಒಂದು ಅಂಶವನ್ನು ಮೀಸಲಿಟ್ಟದ್ದು ನ್ಯಾಯವಲ್ಲ ಎಂದು ಅದರ ವಿರೋಧಿಗಳಲ್ಲೂ ಕೆಲವರು ಒಪ್ಪುತ್ತಾರೆ. ಅಲ್ಲಿ ಮಾಡುವ ಶಿಫಾರಸುಗಳಿಗೆ ಕಾನೂನಿನ ಬಲವೂ ಇಲ್ಲ. ಸರಿ, ಒಪ್ಪಿದೆ.

ಇನ್ನು ನಿಮ್ಮ ‘ಮನೆ ವಿಚಾರ’ಕ್ಕೆ ಬರುತ್ತೇನೆ. ಈ ವಾದ ಯಾರದ್ದು ಗೊತ್ತಾ? ದಕ್ಷಿಣ ಆಫ್ರಿಕದ ಆಗಿನ ಪ್ರಧಾನಿ ಜನರಲ್ ಸ್ಮಟ್ಸ್‌ದು. 1946ರಲ್ಲಿ ವಿಶ್ವಸಂಸ್ಥೆಯ ಮೊದಲ ಮಹಾಸಭೆ ನ್ಯೂಯಾರ್ಕಿನಲ್ಲಿ ಕೂತಾಗ ನಮಗಿನ್ನೂ ಸ್ವಾತಂತ್ರ್ಯವೇ ಬಂದಿರಲಿಲ್ಲ. ಆದರೂ ದಕ್ಷಿಣ ಆಫ್ರಿಕದಲ್ಲಿ ಭಾರತೀಯರನ್ನು ಹೀನಾಯವಾಗಿ ನಡೆಸಿಕೊಳ್ಳುತ್ತಿದ್ದಾರೆಂದು ದೂರು ಒಯ್ದದ್ದು ನಾವೇ. ವಿಜಯಲಕ್ಷ್ಮಿ ಪಂಡಿತ್ ನಮ್ಮ ನಿಯೋಗದ ಮುಂದಾಳು. ಅದರಲ್ಲಿ ಈ ಊರಿನ ಎಂ.ಸಿ. ಛಾಗ್ಲಾ ಕೂಡ ಇದ್ದರು. ಆಗ ಅವರು ಇಲ್ಲಿನ ಹೈಕೋರ್ಟಿನ ನ್ಯಾಯಮೂರ್ತಿ, ಆಮೇಲೆ ಅದೇ ಕೋರ್ಟಿನ ಮುಖ್ಯ ನ್ಯಾಯಮೂರ್ತಿ. ಸ್ಮಟ್ಸ್ ಎದ್ದು ನಿಂತು, ಇದು ನಮ್ಮ ಆಂತರಿಕ ವಿಷಯ, ಹೊರಗಿನವರು ಕೇಳುವಂತಿಲ್ಲ ಎಂದು ವಾದಿಸಿದರು. ಹಾಗೆಂದ ಮನುಷ್ಯನೇ ವಿಶ್ವಸಂಸ್ಥೆಯ ಸನ್ನದಿನ ಪೀಠಿಕೆಯ ಕರಡು ಬರೆದವರು. ಆ ಪೀಠಿಕೆಯಲ್ಲೇ ಮಾನವ ಹಕ್ಕುಗಳ ಮಾತಿದೆ! ಡಿಸೆಂಬರ್ 8ರಂದು ಮತಕ್ಕೆ ಹಾಕಿದಾಗ ನಮ್ಮ ಪರ 32, ವಿರುದ್ಧ 15. ಮೂರನೇ ಎರಡರ ಬಹುಮತದಿಂದ ಗೆದ್ದೆವು. ಮನುಷ್ಯರನ್ನು ನಡೆಸಿಕೊಳ್ಳುವ ರೀತಿ ಬರೀ ಮನೆ ವಿಚಾರ ಅಲ್ಲ ಎಂದು ಜಗತ್ತಿಗೆ ಒಪ್ಪಿಸಿದವರಲ್ಲಿ ನಾವೇ ಮೊದಲಿಗರು. ಈಗ ನೀವು ಸ್ಮಟ್ಸ್ ಮಾತನ್ನು ನಮ್ಮ ದೇಶದ ಬಾಯಿಗೆ ಹಾಕುತ್ತಿದ್ದೀರಲ್ಲ ಎಂದು ನನಗೆ ನಿಜಕ್ಕೂ ಬೇಜಾರಾಯಿತು.

ಮೂರೂವರೆ ಗಂಟೆ ಕೂತು ಮಾತಾಡಿದರೆ ಏನು ಉಪಕಾರ ಎಂದು ಕೇಳಬಹುದು. ಹೌದು, ಜಿನೀವಾದಲ್ಲಿ ಅಷ್ಟೇ ಹೊತ್ತು. ಅದರಲ್ಲಿ 70 ನಿಮಿಷ ಉತ್ತರ ಹೇಳುವ ದೇಶಕ್ಕೆ, 140 ನಿಮಿಷ ಕೇಳುವವರಿಗೆ. ನೂರಕ್ಕೂ ಹೆಚ್ಚು ದೇಶಗಳು ಹೆಸರು ಕೊಟ್ಟರೆ ಒಬ್ಬೊಬ್ಬರಿಗೆ ಒಂದು ನಿಮಿಷ ಸಿಕ್ಕಿದ್ದೇ ಭಾಗ್ಯ. ಆದರೆ ನಿಜವಾದ ಕೆಲಸ ನಡೆಯುವುದು ಅದಕ್ಕೆ ಮುಂಚೆ, ಆಯಾ ದೇಶದ ಒಳಗೆ. 2010ರಲ್ಲಿ ಅಮೆರಿಕ ಮೊದಲ ಸಲ ವರದಿ ಬರೆಯಬೇಕಾಗಿ ಬಂದಾಗ ವಾಷಿಂಗ್ಟನ್ನಿನ ಅಧಿಕಾರಿಗಳು ಊರೂರಿಗೆ ಹೋಗಿ ಜನರ ಅಹವಾಲು ಕೇಳಿದರು. ಚಂಡಮಾರುತಕ್ಕೆ ಸಿಕ್ಕಿದ್ದ ನ್ಯೂ ಓರ್ಲಿಯನ್ಸ್‌ಗೆ ಹೋದರು. ಮೆಕ್ಸಿಕೋ ಗಡಿಯ ಎಲ್ ಪಾಸೋಗೆ ಹೋದರು. ನವಾಹೋ ಮೂಲನಿವಾಸಿಗಳ ರಾಜಧಾನಿ ವಿಂಡೋ ರಾಕ್‌ಗೂ ಹೋದರು. ನಮ್ಮ ಕಷ್ಟಗಳನ್ನು ಸರ್ಕಾರ ಬರೆದುಕೊಂಡಿತು ಎಂಬುದು ಅಲ್ಲಿನ ಮನುಷ್ಯನಿಗೆ ಸಣ್ಣ ಸಂಗತಿ ಅಲ್ಲ. ಸರ್ಕಾರ ಹೋಗುವುದೇ ಇಲ್ಲ ಎಂದಾಗ ಇಂಥವರ ಮಾತಿಗೆ ಉತ್ತರ ಹೇಳುವವರೇ ಇಲ್ಲದಾಗುತ್ತದೆ. ನಷ್ಟ ಜಿನೀವಾದ ಮಂಡಳಿಗಲ್ಲ, ಅವರಿಗೆ.

ನಮ್ಮ ವಿಷಯವನ್ನೇ ನೋಡಿ. ಪೊಲೀಸ್ ಠಾಣೆಯಲ್ಲಿ ಹೊಡೆಯುವುದು, ಹಿಂಸಿಸುವುದು ನಿಲ್ಲಬೇಕೆಂಬ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ 1997ರಲ್ಲಿ ಸಹಿ ಹಾಕಿತು. ಇವತ್ತಿಗೂ ಅದನ್ನು ಅನುಮೋದಿಸಿಲ್ಲ. 2008, 2012, 2017, 2022 – ನಾಲ್ಕೂ ಸಲ ನಮ್ಮನ್ನು ಇದನ್ನೇ ಕೇಳಿದರು. ಈ ನಡುವೆ 2010ರಲ್ಲಿ ಲೋಕಸಭೆಯಲ್ಲಿ ಒಂದು ಮಸೂದೆ ಪಾಸಾಯಿತು. ರಾಜ್ಯಸಭೆಯ ಆಯ್ಕೆ ಸಮಿತಿಗೆ ಹೋಯಿತು, ಆಮೇಲೆ ಬಿದ್ದುಹೋಯಿತು. ನಾವು ಇನ್ನೂ ಆ ಕೆಲಸ ಮಾಡಿಲ್ಲ ಎಂಬುದು ಪ್ರತೀ ಸಲ ಎಲ್ಲರೆದುರು ದಾಖಲಾಗುತ್ತದೆ. ನಮ್ಮಲ್ಲಿ ಆಯೋಗ ಇದೆ ಅಂದಿರಿ. 1993ರಿಂದ ಇದೆ. ಅದು ಇದ್ದೂ ಈ ಕೆಲಸ ಆಗಿಲ್ಲವಲ್ಲ?

ಕೇಳಿಸಿಕೊಳ್ಳುವುದರ ಬೆಲೆ ಏನೆಂದು ನಾನು ತಿಳಿದದ್ದು ಜಿನೀವಾದಿಂದಲ್ಲ, ಇದೇ ಊರಿನ ನ್ಯಾಯಮೂರ್ತಿ ಹೊಸಬೆಟ್ಟು ಸುರೇಶ್ ಅವರಿಂದ. ಸುರತ್ಕಲ್ ಬಳಿಯ ಹೊಸಬೆಟ್ಟಿನಲ್ಲಿ ಹುಟ್ಟಿ, ಮುಂಬಯಿಯಲ್ಲಿ ವಕೀಲರಾಗಿ, ಹೈಕೋರ್ಟ್ ನ್ಯಾಯಮೂರ್ತಿಯಾಗಿ 1991ರಲ್ಲಿ ನಿವೃತ್ತರಾದವರು. ನಿವೃತ್ತಿಯ ಮೇಲೆ ಆರಾಮಾಗಿ ಇರಬಹುದಿತ್ತು, ಅಲ್ವಾ? ಅವರು ಮಾಡಿದ್ದೇನು? 1991ರ ಡಿಸೆಂಬರ್‌ನ ಕಾವೇರಿ ಗಲಭೆಯ ವಿಚಾರಣೆಗೆ ಬೆಂಗಳೂರಿಗೆ ಹೋದರು. ಕನ್ನಡಿಗರೇ ತಮಿಳರ ಮೇಲೆ ಕೈಮಾಡಿದ ಪ್ರಕರಣ ಅದು. ನಮ್ಮವರ ತಪ್ಪನ್ನು ವಿಚಾರಿಸಲು ನಮ್ಮವನೇ ಹೋದದ್ದು. 1992-93ರಲ್ಲಿ ಈ ಊರೇ ಹೊತ್ತಿ ಉರಿದಾಗ ನ್ಯಾಯಮೂರ್ತಿ ದಾವೂದ್ ಜೊತೆ ಕೂತು ಜನರ ಹೇಳಿಕೆ ಪಡೆದರು. ಸಮನ್ಸ್ ಕಳಿಸುವ ಅಧಿಕಾರ ಅವರಿಗಿರಲಿಲ್ಲ. ಆದರೂ ಗಂಡನನ್ನು ಕಳೆದುಕೊಂಡವರು, ಅಂಗಡಿ ಕಳೆದುಕೊಂಡವರು ಬಂದು ಹೇಳಿದರು. ಅವರ ವರದಿ 1993ರಲ್ಲೇ ಹೊರಬಂತು. ಅದೇ ಗಲಭೆಗೆ ಸರ್ಕಾರ ನೇಮಿಸಿದ ಶ್ರೀಕೃಷ್ಣ ಆಯೋಗವನ್ನು 1996ರ ಜನವರಿಯಲ್ಲಿ ಅರ್ಧಕ್ಕೇ ನಿಲ್ಲಿಸಿದರು. ಕೂಗೆದ್ದ ಮೇಲೆ ಮತ್ತೆ ಶುರುಮಾಡಿದರು. ವರದಿ ಬರುವಾಗ 1998. ಉತ್ತರ ಹೇಳಲು ಇಷ್ಟವಿಲ್ಲದವರು ಮೊದಲು ಮಾಡುವ ಕೆಲಸವೇ ಕೇಳುವ ಪೀಠವನ್ನು ಎತ್ತಂಗಡಿ ಮಾಡುವುದು. ವಾಷಿಂಗ್ಟನ್ ಆದರೂ ಅಷ್ಟೆ, ನಮ್ಮ ರಾಜ್ಯ ಸರ್ಕಾರ ಕೂರುವ ಮಂತ್ರಾಲಯ ಆದರೂ ಅಷ್ಟೆ.

ಇದನ್ನು ನಾನು ನಮ್ಮ ಸಂಘ-ಸಂಸ್ಥೆಗಳಲ್ಲೂ ನೋಡಿದ್ದೇನೆ. ನಾನು ಹುಡುಗನಾಗಿದ್ದಾಗ ಇಲ್ಲಿನ ಒಂದು ಕನ್ನಡ ಸಂಘಕ್ಕೆ ವಯಸ್ಸಾದ ಖಜಾಂಚಿ ಒಬ್ಬರಿದ್ದರು. ಮಹಾಸಭೆಗೆ ಬರುವಾಗ ಬಟ್ಟೆ ಚೀಲದಲ್ಲಿ ರೋಜು ಪುಸ್ತಕವನ್ನೂ ತಂತಿಗೆ ಚುಚ್ಚಿದ ರಸೀದಿಗಳನ್ನೂ ಹೊತ್ತು ತರುತ್ತಿದ್ದರು. ಒಮ್ಮೆ ಹೋಟೆಲಿನಲ್ಲಿ ಟೇಬಲ್ ಒರೆಸುತ್ತಿದ್ದ, ರಾತ್ರಿಶಾಲೆಗೆ ಹೋಗುತ್ತಿದ್ದ ಹುಡುಗನೊಬ್ಬ ಎದ್ದು, ಹೂವಿಗೆ ಇಷ್ಟೊಂದು ಖರ್ಚಾ ಅಂತ ಕೇಳಿದ. ಸಭೆಯಲ್ಲಿ ಕೆಲವರು ಗದರಿದರು. ಖಜಾಂಚಿಗಳು ಕೈ ಎತ್ತಿ ಅವರನ್ನು ಸುಮ್ಮನಾಗಿಸಿದರು. ಕನ್ನಡಕ ಏರಿಸಿ, ಪುಟ ತೆಗೆದು, ಮಾಟುಂಗ ಮಾರ್ಕೆಟ್ಟಿನ ಹೂವಿನವನ ಚೀಟಿ ಹುಡುಕಿ ಹುಡುಗನ ಕೈಗೇ ಕೊಟ್ಟರು. “ಕೇಳಿದ್ದು ಒಳ್ಳೆಯದಾಯ್ತು ಮಾರಾಯ, ಇನ್ನು ನೀನೂ ಲೆಕ್ಕ ನೋಡು” ಅಂದರು. ಅವರ ಗೌರವ ಏನೂ ಕಡಿಮೆಯಾಗಲಿಲ್ಲ. ನಾವೆಲ್ಲ ಅವರನ್ನು ಇನ್ನಷ್ಟು ನಂಬಿದೆವು.

ಈಗ? ಹೌಸಿಂಗ್ ಸೊಸೈಟಿಯ ಸಭೆಯಲ್ಲಿ ರಿಪೇರಿ ಫಂಡಿನ ಲೆಕ್ಕ ಕೇಳಿದರೆ ಕಾರ್ಯದರ್ಶಿಗೆ ಜ್ವರ ಬರುತ್ತದೆ. ಮಾಹಿತಿ ಹಕ್ಕಿನ ಅರ್ಜಿ ಹಾಕಿದರೆ, ಕಡತ ಬೇರೆ ವಿಭಾಗದಲ್ಲಿದೆ ಎಂಬ ಉತ್ತರ. ಇಷ್ಟು ದೊಡ್ಡ ಮುಂಬಯಿಗೆ 2022ರ ಮಾರ್ಚ್‌ನಿಂದ ಹೆಚ್ಚುಕಡಿಮೆ ನಾಲ್ಕು ವರ್ಷ ಒಬ್ಬನೇ ಒಬ್ಬ ಚುನಾಯಿತ ನಗರಸೇವಕ ಇರಲಿಲ್ಲ. ನಲ್ಲಿಯಲ್ಲಿ ನೀರು ಬಾರದಿದ್ದರೆ ಯಾರನ್ನು ಕೇಳಬೇಕಿತ್ತು? ಜನ ಅದಕ್ಕೂ ಒಗ್ಗಿಕೊಂಡರು. ನನಗೆ ಭಯ ಅದೇ. ಕೇಳುವ ಅಭ್ಯಾಸ ತಪ್ಪಿದ ಜನರ ಮುಂದೆ ಬಂದು ಕೂರುವ ಅಗತ್ಯ ಯಾವ ಸರ್ಕಾರಕ್ಕೂ ಕಾಣುವುದಿಲ್ಲ.

ಕಡೆಗೆ ನಿಮ್ಮ ಕನ್ನಡ ಶಾಲೆಯ ಪ್ರಶ್ನೆ. ಆ ಸಂಕಟದಲ್ಲಿ ನಿಮಗೂ ನನಗೂ ಭೇದವಿಲ್ಲ. ಆದರೆ ತಾಯಿನುಡಿಯಲ್ಲಿ ಕಲಿಯುವ ಮಗುವಿನ ಹಕ್ಕು, ಹೋಟೆಲ್ ಅಡುಗೆಮನೆಯಲ್ಲಿ ದುಡಿಯುವ ಹುಡುಗನ ಹಕ್ಕು – ಇವು ಬೇರೆ ಯಾವ ಕಡತಕ್ಕೆ ಸೇರಿದವು? ನಮ್ಮ ದೇಶದ ಸರದಿ ಮತ್ತೆ ಬರುತ್ತದೆ. ಆ ಪರಿಶೀಲನೆಗೆ ಯಾವುದೇ ಸಂಸ್ಥೆ ತನ್ನ ವರದಿ ಕಳಿಸಬಹುದು, ವಿಶ್ವಸಂಸ್ಥೆಯ ಮಾನ್ಯತೆಯೇ ಬೇಕೆಂದಿಲ್ಲ. 2,815 ಪದ ಮೀರಬಾರದು, ಅಷ್ಟೆ. ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಗಳ ಸ್ಥಿತಿ ಬರೆಯಲು ಅಷ್ಟು ಸಾಕು. ಯಾವ ವಾರ್ಡಿನಲ್ಲಿ ಯಾವ ಶಾಲೆ ಯಾವಾಗ ಮುಚ್ಚಿತು, ಮಕ್ಕಳು ಎಲ್ಲಿಗೆ ಹೋದರು ಎಂಬ ಪಟ್ಟಿ ಮೊದಲು ಆಗಬೇಕು. ನೀವು ಬ್ಯಾಂಕಿನಲ್ಲಿ ಲೆಕ್ಕಪತ್ರ ನೋಡಿದವರು, ನಿಮ್ಮ ಪತ್ರ ನೋಡಿದರೇ ಕೆಲಸದ ಅಚ್ಚುಕಟ್ಟು ಗೊತ್ತಾಗುತ್ತದೆ. ಒಂದು ಭಾನುವಾರ ಬೆಳಿಗ್ಗೆ ನಮ್ಮ ಕಚೇರಿಗೆ ಬನ್ನಿ. ಹಳೆಯ ಸಂಚಿಕೆಗಳಲ್ಲಿ ಶಾಲೆಗಳ ಸುದ್ದಿ ಸಾಕಷ್ಟಿದೆ, ಅಲ್ಲಿಂದಲೇ ಶುರುಮಾಡೋಣ.