ಎರಡು ಭಾಷೆಯಲ್ಲಿ ಕೂಗಿ ನೋಡಿ ಇಡುವ ಹೆಸರು

ನಿಮ್ಮ ಕಡೆ ಮಗುವಿಗೆ ಕನ್ನಡದ ಹೆಸರು ಇಡ್ತೀರಾ, ಮರಾಠಿಯದಾ ಅಂತ ಕೇಳಿದಿರಿ. ಎರಡರಲ್ಲೂ ಕೂಗಿ ನೋಡಿ ಇಡುತ್ತೇವೆ. ಯಾಕೆ ಅಂತ ಗೊತ್ತಾಗಲು ಒಂದೇ ಹೆಸರು ಸಾಕು: ಸಾಯಲಿ.

ಮರಾಠಿಯಲ್ಲಿ ಸಾಯಲಿ ಅಂದರೆ ಒಂದು ಬಿಳಿ ಹೂವು. ಸಾಂಗಲಿ, ಪುಣೆ ಕಡೆ ಎಷ್ಟೋ ಹೆಣ್ಣುಮಕ್ಕಳಿಗೆ ಈ ಹೆಸರಿದೆ. ನನ್ನ ತಮ್ಮನಿಗೆ ಎರಡನೇ ಮಗಳು ಹುಟ್ಟಿದಾಗ ಪಕ್ಕದ ಮನೆಯ ಮರಾಠಿ ಕಾಕು ಬಂದು ಪ್ರೀತಿಯಿಂದ ಇದೇ ಹೆಸರು ಸೂಚಿಸಿದರು. ಅವ್ವ ಒಲೆಯ ಮುಂದಿನಿಂದ ಎದ್ದೇ ಬಂದಳು. ಕೈಯೆಲ್ಲ ಹಿಟ್ಟು. "ಹಡೆದ ಮನ್ಯಾಗ ಆ ಮಾತ ಆಡಬ್ಯಾಡ್ರಿ" ಅಂದಳು. ಕಾಕುಗೆ ಮೊದಲು ಅರ್ಥವಾಗಲಿಲ್ಲ. ಮನೆಯಲ್ಲಿ ಬೈಯುವಾಗ ಕನ್ನಡದಲ್ಲಿ ಏನಂತೀವಿ ಅಂತ ನಾನು ಬಿಡಿಸಿ ಹೇಳಿದ ಮೇಲೆ ಪಾಪ, ಅವರು ಕೂಸಿನ ಗಲ್ಲ ಮುಟ್ಟಿ ದೃಷ್ಟಿ ತೆಗೆದು ಹೋದರು.

ನಾವಿರುವುದು ಜತ್ತ ತಾಲೂಕಿನಲ್ಲಿ, ಮಹಾರಾಷ್ಟ್ರದ ಸಾಂಗಲಿ ಜಿಲ್ಲೆ. 1956ರಲ್ಲಿ ಭಾಷೆಯ ಮೇಲೆ ರಾಜ್ಯಗಳನ್ನು ವಿಂಗಡಿಸಿದಾಗ ಬಿಜಾಪುರ ಆ ಕಡೆ ಹೋಯಿತು, ನಾವು ಈ ಕಡೆ ಉಳಿದೆವು. ಉಮದಿ, ಸಂಖದಂಥ ಊರುಗಳಲ್ಲಿ ಮನೆಮಾತು ಕನ್ನಡ. ಜಿಲ್ಲಾ ಪರಿಷತ್ತಿನ ಕನ್ನಡ ಶಾಲೆಗಳೂ ಇವೆ. ಆದರೆ ತಹಸೀಲ್ದಾರ್ ಕಚೇರಿ, ಹೊಲದ ಪಹಣಿ ಅಂದರೆ ಇಲ್ಲಿನ ಸಾತ್‌ಬಾರಾ ಉತಾರ, ಸರಕಾರಿ ಎಸ್‌ಟಿ ಬಸ್ಸಿನ ಬೋರ್ಡು ಎಲ್ಲವೂ ಮರಾಠಿ. ನಮ್ಮ ಕೂಸಿನ ಹೆಸರು ಬೆಳಿಗ್ಗೆ ಅಂಗಳದಲ್ಲಿ ಕನ್ನಡದಲ್ಲಿ ಕೇಳಿಸುತ್ತದೆ, ಮಧ್ಯಾಹ್ನ ಕಚೇರಿಯಲ್ಲಿ ಮರಾಠಿಯಲ್ಲಿ. ಎರಡೂ ಕಡೆ ಅದು ಅದೇ ಹೆಸರಾಗಿ ಉಳಿಯಬೇಕು. ನಮ್ಮ ಚಿಂತೆಯೆಲ್ಲ ಇದೇ.

ಅರ್ಥ ಒಂದು ಕಡೆಯಾದರೆ ಅಕ್ಷರ ಇನ್ನೊಂದು. ಕನ್ನಡದಲ್ಲಿ ಎ ಬೇರೆ, ಏ ಬೇರೆ. ಒ ಬೇರೆ, ಓ ಬೇರೆ. ಮರಾಠಿ ಬರಹದಲ್ಲಿ ಆ ಭೇದ ಇಲ್ಲ. ಹಾಗಾಗಿ ಚೆನ್ನವ್ವ ಅಂತ ಇಟ್ಟರೆ ದಾಖಲೆಯಿಂದ ಓದುವವರು ಚೇನ್ನವ್ವಾ ಅಂತಾರೆ. ಮಲ್ಲಪ್ಪ ಆ ಬರಹಕ್ಕೆ ಹೋದರೆ ಮಲ್ಲಾಪ್ಪಾ ಆಗಿಬಿಡುತ್ತಾನೆ. ಅದನ್ನು ನೋಡಿ ಇಂಗ್ಲಿಷಿನಲ್ಲಿ ಬರೆಯುವವನು ಒಂದು ಕಡೆ ಎರಡು a ಹಾಕುತ್ತಾನೆ, ಇನ್ನೊಂದು ಕಡೆ ಒಂದೇ. ನನ್ನ ಅಪ್ಪನ ಪಾಸ್‌ಬುಕ್ಕಿನಲ್ಲಿ ಒಂದು ಹೆಸರು, ಹೊಲದ ಕಾಗದದಲ್ಲಿ ಇನ್ನೊಂದು. ಇಬ್ಬರೂ ಒಬ್ಬನೇ ಅಂತ ತೋರಿಸಲು ಅಪ್ಪ ಎಷ್ಟು ಸಲ ಸ್ಟಾಂಪ್ ಪೇಪರ್ ಬರೆಸಿದನೋ! ಆ ಅಲೆದಾಟ ಕಂಡವರು ಮಗುವಿಗೆ ಸುಮ್ನೆ ಚಂದ ಕೇಳಿಸಿತು ಅಂತ ಹೆಸರಿಡುವುದಿಲ್ಲ.

ಳ ಅಕ್ಷರಕ್ಕೆ ಈ ತೊಂದರೆ ಇಲ್ಲ, ಅದು ಎರಡೂ ಭಾಷೆಯಲ್ಲಿದೆ. ಆ ಖುಷಿಯಲ್ಲಿ ನಾನೇ ಇಳಾ ಅಂತ ಇಡೋಣ ಅಂದಿದ್ದೆ. ಭೂಮಿ ಅಂತ ಅರ್ಥ, ಎರಡೇ ಅಕ್ಷರ. ಆದರೆ ಹಳ್ಳಿಯ ಮರಾಠಿಯಲ್ಲಿ ಇಳಾ ಅಂದರೆ ಕುಡಗೋಲು. ಅದೂ ಹೋಯಿತು.

ಹಳೆಯ ಹೆಸರುಗಳಿಗೆ ಈ ಕಷ್ಟ ಕಡಿಮೆ, ಯಾಕೆಂದರೆ ಅವು ದೇವರನ್ನು ಹಿಡಿದು ಬಂದವು. ಇಲ್ಲಿನ ದೇವರಿಗೆ ಗಡಿ ಇಲ್ಲ. ನಮ್ಮ ತಾಲೂಕಿನ ಗುಡ್ಡಾಪುರದ ದಾನಮ್ಮನಿಗೆ ಎರಡೂ ರಾಜ್ಯದವರು ನಡೆದು ಬರುತ್ತಾರೆ. ಅವಳಿಗೆ ಹರಕೆ ಹೊತ್ತ ಮನೆಯಲ್ಲಿ ದಾನವ್ವ, ದಾನೇಶ್ವರಿ ಇದ್ದೇ ಇರುತ್ತಾರೆ. ಸೊಲ್ಲಾಪುರದ ಸಿದ್ಧರಾಮ ಹನ್ನೆರಡನೇ ಶತಮಾನದ ಶರಣ, ಕನ್ನಡದಲ್ಲಿ ವಚನ ಬರೆದವರು. ಅವರ ಹೆಸರು ಮರಾಠಿ ಮನೆಗಳಲ್ಲೂ ಇದೆ. ಪಂಢರಪುರದ ವಿಠ್ಠಲ, ಪಾಂಡುರಂಗ ನಮ್ಮ ಮನೆಗಳಲ್ಲೂ ಇದ್ದಾರೆ. ನಿಮ್ಮ ಕಡೆಯವರಿಗೆ ವಿಚಿತ್ರ ಅನಿಸಬಹುದು, ಇಲ್ಲಿ ಗೌರವದ ಮಾತೇ ಹೆಸರಾಗುತ್ತದೆ. ಅಣ್ಣಾಸಾಹೇಬ, ಬಾಳಾಸಾಹೇಬ, ದಾದಾಸಾಹೇಬ ಅಂತ ತೊಟ್ಟಿಲಲ್ಲಿರುವ ಕೂಸಿಗೇ ಇಡುತ್ತಾರೆ. ಈಚೆಗೆ ಸ್ವಲ್ಪ ಕಡಿಮೆಯಾಗಿದೆ.

ಇನ್ನೊಂದು ಬಗೆಯ ಹೆಸರಿದೆ. ಹೇಳುವಾಗ ಈಗಲೂ ನನ್ನ ಗಂಟಲು ಕಟ್ಟುತ್ತದೆ. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದಿನ ಕೂಸಿಗೆ ಬೇಕಂತಲೇ ಬೆಲೆಯಿಲ್ಲದ ಹೆಸರು ಇಡುತ್ತಿದ್ದರು, ಸಾವಿಗೆ ಅದರ ಮೇಲೆ ಕಣ್ಣು ಬೀಳದಿರಲಿ ಅಂತ. ಕನ್ನಡದ ಮನೆಯಲ್ಲಿ ಗುಂಡಪ್ಪ, ತಿಪ್ಪಣ್ಣ. ಮರಾಠಿ ಮನೆಯಲ್ಲಿ ಧೋಂಡಿಬಾ, ದಗಡೂ. ಗುಂಡು, ಧೋಂಡಾ, ದಗಡ, ಎಲ್ಲವೂ ಕಲ್ಲೇ. ಭಾಷೆ ಎರಡಾದರೂ ಆ ತಾಯಂದಿರ ಹೆದರಿಕೆ ಒಂದೇ ಆಗಿತ್ತು, ಅಲ್ವಾ?

ಹೆಣ್ಣುಮಕ್ಕಳ ಹೆಸರಲ್ಲಿ ಬೇರೆ ನೋವಿದೆ. ಮೂರನೆಯದೋ ನಾಲ್ಕನೆಯದೋ ಹೆಣ್ಣು ಹುಟ್ಟಿದರೆ ನಮ್ಮಲ್ಲಿ ಸಾಕವ್ವ ಅಂತ ಇಡುತ್ತಿದ್ದರು. ಸಾಕು, ಇನ್ನು ಗಂಡು ಬರಲಿ ಅಂತ. ಮರಾಠಿಯಲ್ಲಿ ನಕೋಶಿ, ಅಂದರೆ ಬೇಡವಾದವಳು. 2011ರಲ್ಲಿ ಸಾತಾರಾ ಜಿಲ್ಲೆಯಲ್ಲಿ ನಕೋಶಿ ಅಂತ ಹೆಸರಿದ್ದ ಹುಡುಗಿಯರನ್ನು ಹುಡುಕಿ, ಅವರಿಗೆ ಬೇರೆ ಹೆಸರಿಡುವ ಕಾರ್ಯಕ್ರಮವೇ ನಡೆಯಿತು. ಆ ಸುದ್ದಿ ಓದಿದ ದಿನ ನನಗೆ ನಮ್ಮೂರಿನ ಸಾಕವ್ವಂದಿರು ನೆನಪಾದರು. ಅವರಿಗೆ ಯಾರೂ ಹೊಸ ಹೆಸರು ಕೊಡಲಿಲ್ಲ. ನಮ್ಮ ಮನೆಯಲ್ಲಿ ಈಗ ಎರಡೂ ಹೆಣ್ಣೇ. ಸಾಕು ಅನ್ನುವ ಮಾತು ಹೆಸರಿನ ಹತ್ತಿರವೂ ಸುಳಿಯಬಾರದು ಅಂತ ನಾನು ಹಟ ಹಿಡಿದಿದ್ದೆ.

ಇನ್ನು ಕಾಗದದ ಮಾತು. ಮೊದಲ ಹೆರಿಗೆ ತವರಿನಲ್ಲಿ. ತಮ್ಮನ ಹೆಂಡತಿಯ ತವರು ಚಡಚಣದ ಕಡೆ, ಅಂದರೆ ಕರ್ನಾಟಕ. ಹಾಗಾಗಿ ದೊಡ್ಡವಳ ಜನನ ಪತ್ರ ಕನ್ನಡದಲ್ಲಿದೆ. ಎರಡನೆಯವಳು ಮಿರಜದಲ್ಲಿ ಹುಟ್ಟಿದಳು, ಅವಳದು ಮರಾಠಿಯಲ್ಲಿ. ಇಷ್ಟೇ ಅಲ್ಲ. ಮಹಾರಾಷ್ಟ್ರದಲ್ಲಿ 2024ರ ಮೇ 1ರಿಂದ ಹುಟ್ಟಿದ ಮಕ್ಕಳಿಗೆ ಸರಕಾರಿ ಕಾಗದಗಳಲ್ಲಿ ತಾಯಿಯ ಹೆಸರನ್ನೂ ಸೇರಿಸಬೇಕು. ಮೊದಲು ಮಗುವಿನ ಹೆಸರು, ಆಮೇಲೆ ತಾಯಿಯದು, ಆಮೇಲೆ ತಂದೆಯದು, ಕೊನೆಗೆ ಅಡ್ಡಹೆಸರು. ಒಂದೇ ತಾಯಿಯ ಇಬ್ಬರು ಮಕ್ಕಳು, ಚಿಕ್ಕವಳ ಹೆಸರಿನ ಜೊತೆ ಮಾತ್ರ ತಾಯಿ ಇದ್ದಾಳೆ. ಈ ನಿಯಮ ನನಗೆ ಬಹಳ ಇಷ್ಟವಾಯಿತು. ಒಂಬತ್ತು ತಿಂಗಳು ಹೊತ್ತವಳ ಹೆಸರು ಕಾಗದದಲ್ಲಿ ಇರಬೇಕಾದದ್ದೇ.

ಗಡಿಬಿಡಿ ಮಾತ್ರ ಬೇಡ. ಜನನವನ್ನು 21 ದಿನದೊಳಗೆ ನೋಂದಾಯಿಸಬೇಕು, ಆದರೆ ಆಗಲೇ ಹೆಸರು ಹೇಳಬೇಕು ಅಂತಿಲ್ಲ. ಹೆಸರಿಲ್ಲದೆ ನೋಂದಾಯಿಸಿ, 12 ತಿಂಗಳೊಳಗೆ ಶುಲ್ಕವಿಲ್ಲದೆ ಹೆಸರು ಸೇರಿಸಬಹುದು. ಆಸ್ಪತ್ರೆಯಲ್ಲಿ ಕೇಳಿದರು ಅಂತ ಬಾಯಿಗೆ ಬಂದ ಹೆಸರು ಹೇಳಿ ಆಮೇಲೆ ತಿದ್ದಿಸಲು ಅಲೆದವರನ್ನು ಬಹಳ ಕಂಡಿದ್ದೇನೆ.

ಹುಟ್ಟಿದ ನಕ್ಷತ್ರದ ಅಕ್ಷರವನ್ನೂ ಕೇಳುತ್ತೇವೆ. ನಮ್ಮ ಕೂಸಿನದು ಹಸ್ತಾ, ಮೂರನೇ ಪಾದ. ಬಂದ ಅಕ್ಷರ ಣ. ಣ ಅಂತ ಶುರುವಾಗುವ ಹೆಸರು ಯಾವ ಭಾಷೆಯಲ್ಲೂ ಸಿಗಲಿಲ್ಲ. ಅದನ್ನು ಬಿಟ್ಟೆವು.

ಹೆಸರಿಡುವ ದಿನ ಹೆಸರು ಹೇಳುವವಳು ಸೋದರತ್ತೆ, ಅಂದರೆ ಈ ಸಲ ನಾನು. ಹದಿಮೂರನೇ ದಿನ ತೊಟ್ಟಿಲು ಕಟ್ಟಿದ್ದರು. ಗುಗ್ಗರಿ ಕುದಿಸಿದ ವಾಸನೆ ಮನೆ ತುಂಬ. ತೊಟ್ಟಿಲಿಗೆ ಬಗ್ಗಿ ಕೂಸಿನ ಕಿವಿಗೆ ಬಾಯಿ ಹಚ್ಚಿದೆ. ಎಣ್ಣೆ ಹಚ್ಚಿದ ಕಿವಿ, ಇನ್ನೂ ಮಡಿಚಿಕೊಂಡೇ ಇತ್ತು. ಮೊದಲು ಕುರ್‍ರ್ ಅನ್ನಬೇಕು, ಆಮೇಲೆ ಹೆಸರು. ಅಷ್ಟರಲ್ಲಿ ಸುತ್ತಲಿನ ಹೆಂಗಸರು ಬೆನ್ನಿಗೆ ಗುದ್ದುತ್ತಾರೆ, ಅದೂ ಪದ್ಧತಿಯೇ. ಪಕ್ಕದ ಮನೆಯ ಕಾಕುವೇ ಎಲ್ಲರಿಗಿಂತ ಜೋರಾಗಿ ಗುದ್ದಿದರು.

ಆ ಹೆಸರು ಇಲ್ಲಿ ಬರೆಯುವುದಿಲ್ಲ, ಅದು ಅವಳದು. ಅವ್ವ ಕೂಗಿದರೂ ಕಾಕು ಕೂಗಿದರೂ ಒಂದೇ ಥರ ಕೇಳಿಸುತ್ತದೆ ಅಂತ ಮಾತ್ರ ಹೇಳಬಲ್ಲೆ. ಆದರೆ ಆ ಹೆಸರಿನಿಂದ ಈಗ ಯಾರೂ ಕರೆಯುವುದಿಲ್ಲ. ಕಾಕು ತೊಟ್ಟಿಲು ತೂಗುತ್ತಾ ಬಾಳು, ಬಾಳು ಅಂತಾರೆ. ಮರಾಠಿಯಲ್ಲಿ ಬಾಳ ಅಂದರೆ ಕೂಸು. ಅವ್ವನಿಗೆ ಅದು ಕನ್ನಡದ ಬಾಳು ಅಂತಲೇ ಕೇಳಿಸುತ್ತದೆ. "ಹೂಂ, ಬಾಳವ್ವಾ, ನೂರು ವರ್ಷ ಬಾಳು" ಅಂತ ಒಲೆಯ ಮುಂದೆ ಕೂತೇ ಉತ್ತರ ಕೊಡುತ್ತಾಳೆ.