ಬಂದೂಕು ಮಾರಾಟ: ಫೇಸ್‌ಬುಕ್‌ನ ನಿಯಮವೇ ಬೇರೆ, ಕಾನೂನೇ ಬೇರೆ

ಪ್ರಶ್ನೆ: ನಾನು ಟೆಕ್ಸಾಸ್‌ನಲ್ಲಿದ್ದೇನೆ. ನನ್ನ ಪಿಸ್ತೂಲನ್ನು ಮಾರಲು ಫೇಸ್‌ಬುಕ್ ಗುಂಪಿನಲ್ಲಿ ಹಾಕಿದ್ದ ಪೋಸ್ಟನ್ನು ತೆಗೆದುಹಾಕಿದ್ದಾರೆ. ಇಲ್ಲಿ ಖಾಸಗಿ ಮಾರಾಟಕ್ಕೆ ಕಾನೂನಿನ ಅಡ್ಡಿಯಿಲ್ಲ. ಪಿಸ್ತೂಲಿನ ಬದಲು ಅದರ ಖಾಲಿ ಪೆಟ್ಟಿಗೆಯ ಚಿತ್ರ ಹಾಕಿ ಎಂದು ಗುಂಪಿನಲ್ಲಿ ಪಳಗಿದವರು ಹೇಳುತ್ತಾರೆ. ಹಾಗೆ ಮಾಡಬಹುದೇ?

ಉತ್ತರ: ಮಾಡಬಾರದು. ಈ ಪೆಟ್ಟಿಗೆಯ ಉಪಾಯದ ಬಗ್ಗೆ ಪದೇ ಪದೇ ಪತ್ರಗಳು ಬರುತ್ತಿರುವುದರಿಂದ ಈ ಸಲ ವಿವರವಾಗಿಯೇ ಹೇಳುತ್ತೇನೆ.

ಫೇಸ್‌ಬುಕ್ 2014ರ ಮಾರ್ಚ್‌ನಲ್ಲಿ, ಹಿನ್ನೆಲೆ ಪರಿಶೀಲನೆ (ಕೊಳ್ಳುವವನಿಗೆ ಬಂದೂಕು ಹೊಂದುವ ಹಕ್ಕಿದೆಯೇ ಎಂಬ ತಪಾಸಣೆ) ಬೇಡವೆಂದು ಸಾರುವಂಥ, ಕಾನೂನನ್ನು ತಪ್ಪಿಸಲು ಹೊರಟ ಬಂದೂಕು ಮಾರಾಟದ ಪೋಸ್ಟ್‌ಗಳನ್ನು ಮಾತ್ರ ತೆಗೆಯುವುದಾಗಿ ಹೇಳಿತ್ತು. 2016ರ ಜನವರಿಯಲ್ಲಿ ಫೇಸ್‌ಬುಕ್ ಮತ್ತು ಇನ್‌ಸ್ಟಾಗ್ರಾಂ ಎರಡರಲ್ಲೂ ಖಾಸಗಿ ವ್ಯಕ್ತಿಗಳ ನಡುವಿನ ಬಂದೂಕು ವ್ಯವಹಾರವನ್ನೇ ನಿಷೇಧಿಸಿ, ಪರವಾನಗಿ ಇರುವ ಡೀಲರ್‌ಗಳು ತಮ್ಮ ಪುಟ ಇಟ್ಟುಕೊಳ್ಳಲು ಅವಕಾಶ ಉಳಿಸಿತು. ಆದರೆ ಆಗ ಉಲ್ಲಂಘನೆಯನ್ನು ಪತ್ತೆಹಚ್ಚುವ ಕೆಲಸ ಬಹುಮಟ್ಟಿಗೆ ಬಳಕೆದಾರರ ದೂರುಗಳ ಮೇಲೆ ನಿಂತಿತ್ತು. ಸದಸ್ಯರೆಲ್ಲರೂ ಕೊಳ್ಳುವವರು ಅಥವಾ ಮಾರುವವರೇ ಆಗಿರುವ ಮುಚ್ಚಿದ ಗುಂಪಿನಲ್ಲಿ ದೂರು ಕೊಡುವವರು ಯಾರು? ಖಾಲಿ ಪೆಟ್ಟಿಗೆಗೆ ಪಿಸ್ತೂಲಿನ ಬೆಲೆ ಹಾಕಿ, ಉಳಿದದ್ದನ್ನು ಖಾಸಗಿ ಸಂದೇಶದಲ್ಲಿ ಮಾತಾಡಿಕೊಳ್ಳುವ ಪದ್ಧತಿ ಬೆಳೆದದ್ದು ಈ ಸಡಿಲದಲ್ಲಿಯೇ. ಅದು ಜಾಣತನವಲ್ಲ, ನಿಯಮವನ್ನು ತಿಳಿದೂ ತಿಳಿದೂ ಮುರಿಯುವುದು.

ಇದಕ್ಕಿಂತ ನನ್ನನ್ನು ಹೆಚ್ಚು ಕಾಡುವುದು ಇನ್ನೊಂದು ವಿಷಯ. 1993ರ ಬ್ರೇಡಿ ಕಾಯ್ದೆ ಎಂಬ ಒಕ್ಕೂಟ ಕಾನೂನಿನ (ಇಡೀ ಅಮೆರಿಕಕ್ಕೆ ಅನ್ವಯಿಸುವ ಕಾನೂನಿನ) ಪ್ರಕಾರ ಹಿನ್ನೆಲೆ ಪರಿಶೀಲನೆಯ ಹೊಣೆ ಇರುವುದು ಪರವಾನಗಿ ಪಡೆದ ಡೀಲರ್‌ಗಳ ಮೇಲೆ. ಎಲ್ಲೋ ಒಮ್ಮೆ ತನ್ನ ಬಂದೂಕನ್ನು ಮಾರುವ ಖಾಸಗಿ ವ್ಯಕ್ತಿಗೆ ಒಕ್ಕೂಟ ಕಾನೂನು ಆ ಹೊಣೆಯನ್ನು ಹೊರಿಸಿಲ್ಲ, ಟೆಕ್ಸಾಸ್ ಕೂಡ ಹೊರಿಸಿಲ್ಲ. ಆದರೆ ಕೊಳ್ಳುವವನಿಗೆ ಬಂದೂಕು ಹೊಂದುವ ಹಕ್ಕಿಲ್ಲವೆಂದು ತಿಳಿದಿದ್ದರೆ, ಅಥವಾ ಹಾಗೆ ನಂಬಲು ಸಕಾರಣವಿದ್ದರೆ, ಅವನಿಗೆ ಮಾರುವುದು ಅಪರಾಧ. ಪರರಾಜ್ಯದವನಿಗೆ ಡೀಲರ್ ಮುಖಾಂತರವಲ್ಲದೆ ಮಾರುವುದೂ ಅಪರಾಧವೇ. ಸಂದೇಶದಲ್ಲಷ್ಟೇ ಪರಿಚಯವಾದವನು ಯಾವ ರಾಜ್ಯದವನು, ಅವನ ಹಿಂದೆ ಏನಿದೆ ಎಂಬುದು ನಿಮಗೆ ತಿಳಿಯುವುದಾದರೂ ಹೇಗೆ? ಅವನ ಡ್ರೈವಿಂಗ್ ಲೈಸೆನ್ಸಿನ ಫೋಟೊ ತೆಗೆದುಕೊಂಡು ಒಂದು ರಸೀದಿ ಬರೆಸಿಕೊಂಡರೆ ಪರಿಶೀಲನೆ ಮುಗಿಯಿತು ಎಂದು ಬೋಧಿಸುವ ಅಂತರ್ಜಾಲದ ಪಂಡಿತರ ಮಾತಿಗೆ ಕಿವಿಗೊಡಬೇಡಿ. ಆ ಚೀಟಿ ಮಾರಾಟಕ್ಕೆ ದಾಖಲೆಯೇ ಹೊರತು ಪರಿಶೀಲನೆಯಲ್ಲ.

ಕಾನೂನು ಕೇಳದಿದ್ದರೂ ಹತ್ತಿರದ ಪರವಾನಗಿ ಡೀಲರ್ ಬಳಿಗೆ ಇಬ್ಬರೂ ಹೋಗಿ. ಕೊಳ್ಳುವವನು ಅಲ್ಲಿ 4473 ಸಂಖ್ಯೆಯ ನಮೂನೆಯನ್ನು ತುಂಬುತ್ತಾನೆ, ಡೀಲರ್ ಶುಲ್ಕ ಪಡೆದು ಪರಿಶೀಲನೆ ನಡೆಸುತ್ತಾನೆ. ಬರಲು ಒಪ್ಪದ ಗಿರಾಕಿಗೆ ನಾನಾಗಿದ್ದರೆ ಬಂದೂಕು ಕೊಡುವುದಿಲ್ಲ. ಇದು ಅತಿ ಎಚ್ಚರಿಕೆ ಎಂದು ನಿಮಗೆ ಅನ್ನಿಸಬಹುದು. ಈ ಒಂದು ವಿಷಯದಲ್ಲಿ ಎಚ್ಚರಿಕೆ ಅತಿಯಾದರೂ ನನಗೆ ಚಿಂತೆಯಿಲ್ಲ.

ಪ್ರಶ್ನೆ: ಫೇಸ್‌ಬುಕ್‌ನ ಈ ನಿಷೇಧ, ಬಂದೂಕು ಹೊಂದುವ ಹಕ್ಕನ್ನು ಕಾಯುವ ಅಮೆರಿಕ ಸಂವಿಧಾನದ ಎರಡನೇ ತಿದ್ದುಪಡಿಗೆ ವಿರುದ್ಧವಲ್ಲವೇ?

ಉತ್ತರ: ಅಲ್ಲ. ಆ ತಿದ್ದುಪಡಿ ಕಟ್ಟಿಹಾಕುವುದು ಸರ್ಕಾರವನ್ನು, ಖಾಸಗಿ ಕಂಪನಿಯನ್ನಲ್ಲ.

ಪ್ರಶ್ನೆ: ಮುಂಗಡ ಹಣ ಕಳಿಸಿದರೆ ಬಂದೂಕನ್ನು ನೇರವಾಗಿ ಮನೆಗೆ ಅಂಚೆಯಲ್ಲಿ ಕಳಿಸುತ್ತೇನೆ ಎನ್ನುವವರನ್ನು ನಂಬಬಹುದೇ?

ಉತ್ತರ: ನಂಬಬೇಡಿ. ಅಮೆರಿಕದ ಸರ್ಕಾರಿ ಲೆಕ್ಕಪರಿಶೋಧನಾ ಸಂಸ್ಥೆಯವರು ಗುರುತು ಮರೆಸಿಕೊಂಡು ಅಂತರ್ಜಾಲದಲ್ಲಿ ಬಂದೂಕು ಕೊಳ್ಳಲು ಯತ್ನಿಸಿ 2017ರಲ್ಲಿ ನೀಡಿದ ವರದಿಯಲ್ಲಿ, ದುಡ್ಡು ಪಡೆದು ಏನನ್ನೂ ಕಳಿಸದ ಮಾರಾಟಗಾರರೂ ಇದ್ದಾರೆ.

ಪ್ರಶ್ನೆ: ಜಾಹೀರಾತು ನೋಡಿ ಕೊಂಡ ಬಂದೂಕಿನಿಂದ ಕೊಲೆ ನಡೆದರೆ ಜಾಲತಾಣವೇ ಹೊಣೆಯಲ್ಲವೇ?

ಉತ್ತರ: ಆರ್ಮ್ಸ್‌ಲಿಸ್ಟ್ ಎಂಬ ತಾಣದ ಮೇಲಿನ ಮೊಕದ್ದಮೆಯಲ್ಲಿ ವಿಸ್ಕಾನ್ಸಿನ್‌ನ ಸುಪ್ರೀಂ ಕೋರ್ಟ್ 2019ರಲ್ಲಿ, ಇತರರು ಹಾಕಿದ ಜಾಹೀರಾತಿಗೆ ತಾಣವನ್ನು ಹೊಣೆ ಮಾಡಲಾಗದು ಎಂದಿತು. 1996ರ ಸಂವಹನ ಸಭ್ಯತಾ ಕಾಯ್ದೆಯ 230ನೇ ಕಲಂ ಆ ತಾಣಕ್ಕೆ ಕೊಟ್ಟ ರಕ್ಷಣೆ ಅದು. ತಾಣಕ್ಕೆ ಸಿಕ್ಕ ಆ ರಕ್ಷಣೆ, ಜಾಹೀರಾತು ಹಾಕಿ ಬಂದೂಕನ್ನು ಕೈಯಾರೆ ಕೊಟ್ಟವನಿಗೆ ಸಿಗುವುದಿಲ್ಲ.