ಟ್ರಂಪ್‌ಗೆ ಮತ ಹಾಕುವ ಅಮೆರಿಕದ ಸಣ್ಣ ಊರಿನಲ್ಲಿ ಕೆಲಸ ಸಿಕ್ಕಿದೆ, ಗರ್ಭಿಣಿ ಹೆಂಡತಿಯೊಂದಿಗೆ ಹೋಗಬಹುದೇ?

ಟ್ರಂಪ್ ಅವರ ರಿಪಬ್ಲಿಕನ್ ಪಕ್ಷ ಗೆದ್ದ ಕಡೆಗಳಿಗೆಲ್ಲ ಕೆಂಪು ಬಳಿದ ಆ ಚುನಾವಣಾ ನಕ್ಷೆಯನ್ನು ನಿಮ್ಮಂತೆಯೇ ನಾನೂ ರಾತ್ರಿಯಿಡೀ ದಿಟ್ಟಿಸುತ್ತ ಕುಳಿತವನು. ನಿಮಗೆ ಹೋಗಬೇಕೇ ಬೇಡವೇ ಎಂಬ ಚಿಂತೆ, ನನಗೆ ಇರಬೇಕೇ ಬಿಡಬೇಕೇ ಎಂಬ ಚಿಂತೆಯಿತ್ತು. ನಾನು ಊರು ಬಿಟ್ಟೆ. ಬಿಟ್ಟದ್ದು ತಪ್ಪಾಯಿತು.

ಊರು ಕ್ರೆಸ್ಕೊ. ಅಯೋವಾ ರಾಜ್ಯದ ಈಶಾನ್ಯಕ್ಕಿರುವ ಹೋವರ್ಡ್ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಆಡಳಿತ ಕೇಂದ್ರ. ಇಡೀ ಕೌಂಟಿಯ ಜನಸಂಖ್ಯೆಯೇ ಸುಮಾರು 9,500. 2014ರಲ್ಲಿ ಅಲ್ಲಿನ ಒಂದು ಕಾರ್ಖಾನೆಗೆ ಇಂಜಿನಿಯರ್ ಆಗಿ ಸೇರಿದೆ. ಪಕ್ಕದ ಮನೆಯಲ್ಲಿ ಎಪ್ಪತ್ತು ದಾಟಿದ ರೈತರೊಬ್ಬರಿದ್ದರು. ನಾನು ಭಾರತದವನೆಂದು ತಿಳಿದ ಕೂಡಲೇ, ‘ನಾರ್ಮನ್ ಬೋರ್ಲಾಗ್ ನಮ್ಮ ಕಡೆಯವರು, ಗೊತ್ತೇ? ನಿಮ್ಮ ದೇಶಕ್ಕೆ ಹೊಸ ಗೋಧಿ ಕೊಟ್ಟವರು’ ಎಂದಿದ್ದರು. ಹಿಮ ಬಿದ್ದ ದಿನ ನಾವು ಏಳುವ ಮೊದಲೇ ಅವರ ಯಂತ್ರದ ಸದ್ದು ಕೇಳುತ್ತಿತ್ತು. ನಮ್ಮ ಕಾರಿನ ದಾರಿಯನ್ನು ತೆರವು ಮಾಡಿ, ನನ್ನ ಹೆಂಡತಿ ಜಾರಬಾರದೆಂದು ಮೆಟ್ಟಿಲಿಗೆ ಉಪ್ಪು ಚೆಲ್ಲಿ ಹೋಗುತ್ತಿದ್ದರು.

2016ರ ಫೆಬ್ರುವರಿ 1ರ ಕಾಕಸ್‌ಗೆ, ಅಂದರೆ ಪಕ್ಷದ ಅಧ್ಯಕ್ಷ ಅಭ್ಯರ್ಥಿ ಯಾರಾಗಬೇಕೆಂದು ಊರಿನವರು ಸೇರಿ ಹೇಳುವ ಸಭೆಗೆ, ನನ್ನನ್ನು ಕರೆದುಕೊಂಡು ಹೋದವರೂ ಅವರೇ. ಮತದ ಹಕ್ಕಿಲ್ಲದ ನಾನು ಗೋಡೆಗೆ ಒರಗಿ ನೋಡುತ್ತಿದ್ದೆ. ಡೆಮಾಕ್ರಟರ ಕಾಕಸ್‌ನಲ್ಲಿ ಮತಪೆಟ್ಟಿಗೆ ಇರಲಿಲ್ಲ. ಹಿಲರಿ ಕಡೆಯವರು ಒಂದು ಮೂಲೆಗೆ, ಸ್ಯಾಂಡರ್ಸ್ ಕಡೆಯವರು ಇನ್ನೊಂದು ಮೂಲೆಗೆ ಹೋಗಿ ನಿಂತರು, ತಲೆ ಎಣಿಸಿದರು. ಆಗೆಲ್ಲ ಸಾಮಾನ್ಯವಾಗಿ ಶೇಕಡಾ 15 ಮುಟ್ಟದ ಗುಂಪು ಚದುರಿ ಬೇರೆ ಗುಂಪಿಗೆ ಸೇರಬೇಕಿತ್ತು, ‘ನಮ್ಮ ಕಡೆ ಬನ್ನಿ’ ಎಂದು ನೆರೆಹೊರೆಯವರೇ ಕೂಗಿ ಕರೆಯುತ್ತಿದ್ದರು. ನಮ್ಮ ರೈತರು ಸ್ಯಾಂಡರ್ಸ್ ಮೂಲೆಯಲ್ಲಿ, ಎರಡೂ ಕೈ ಕೋಟಿನ ಜೇಬಿನಲ್ಲಿಟ್ಟು ನಿಂತಿದ್ದರು.

ಅಕ್ಟೋಬರ್ ಹೊತ್ತಿಗೆ ಅವರ ಅಂಗಳದಲ್ಲಿ ಟ್ರಂಪ್ ಫಲಕ ಎದ್ದಿತ್ತು. ನವೆಂಬರ್‌ನಲ್ಲಿ ಕೌಂಟಿ ಶೇಕಡಾ 20ಕ್ಕೂ ಹೆಚ್ಚಿನ ಅಂತರದಿಂದ ಟ್ರಂಪ್ ಪಾಲಾಯಿತು. ನಾನು ಅವರೊಡನೆ ಮಾತು ಬಿಟ್ಟೆ. ಡಿಸೆಂಬರ್‌ನ ಒಂದು ಬೆಳಿಗ್ಗೆ ಅವರು ಹಿಮ ತೆಗೆಯುತ್ತಿದ್ದಾಗ ಬಾಗಿಲು ತೆರೆದು, ‘ಬೇಡ, ನಾನೇ ಮಾಡಿಕೊಳ್ಳುತ್ತೇನೆ’ ಎಂದೆ. ಅವರು ಯಂತ್ರ ಆರಿಸಿ, ಅರ್ಧ ತೆರವಾದ ದಾರಿಯನ್ನು ಹಾಗೆಯೇ ಬಿಟ್ಟು ಹೊರಟುಹೋದರು.

2017ರ ಫೆಬ್ರುವರಿಯಲ್ಲಿ ಕ್ಯಾನ್ಸಸ್‌ನ ಒಲೇಥೆಯಲ್ಲಿ ಭಾರತೀಯ ಇಂಜಿನಿಯರ್ ಒಬ್ಬರನ್ನು ಗುಂಡಿಕ್ಕಿ ಕೊಂದರು. ಅಂದಿನಿಂದ ನನ್ನ ಹೆಂಡತಿಗೆ ನಿದ್ದೆಯಿಲ್ಲ. ಏಪ್ರಿಲ್‌ನಲ್ಲಿ ಮನೆಯನ್ನು 14,000 ಡಾಲರ್ ನಷ್ಟಕ್ಕೆ ಮಾರಿ ಶಿಕಾಗೋ ಹೊರವಲಯಕ್ಕೆ ಓಡಿದೆವು. ಒಲೇಥೆಯೂ ಕ್ಯಾನ್ಸಸ್ ಸಿಟಿಯ ಹೊರವಲಯದ ದೊಡ್ಡ ಊರೇ, ನಾವು ಓಡಿಹೋದಂಥದ್ದೇ ಜಾಗ ಎಂಬುದು ಆಗ ತಲೆಗೆ ಹೊಳೆಯಲೇ ಇಲ್ಲ. ಮನೆಯ ನಷ್ಟವನ್ನು ಹೇಗೋ ತುಂಬಿಕೊಂಡೆ. ಆದರೆ ಅಲ್ಲಿ ಕಾಯಂ ನೆಲೆಸಲು ಬೇಕಾದ ಗ್ರೀನ್ ಕಾರ್ಡ್‌ಗಾಗಿ ಕಂಪನಿ ನನ್ನ ಪರವಾಗಿ ಮೊದಲ ಹಂತದ ಪರ್ಮ್ ಅರ್ಜಿ ಹಾಕಿದ್ದು 2016ರಲ್ಲಿ, ಮುಂದಿನ ಹಂತದ ಐ-140 ಅರ್ಜಿ ಇನ್ನೂ ಮಂಜೂರಾಗಿರಲಿಲ್ಲ. ಕೆಲಸ ಬಿಟ್ಟದ್ದರಿಂದ ಆ ಸರದಿಯೇ ಹೋಯಿತು. ಹೊಸ ಕಂಪನಿ ಮತ್ತೆ ಅರ್ಜಿ ಹಾಕಿದ್ದು 2018ರಲ್ಲಿ. ವರ್ಷಗಟ್ಟಲೆ ಕಾಯಬೇಕಾದ ಭಾರತೀಯರ ಸಾಲಿನಲ್ಲಿ ಎರಡು ವರ್ಷ ಹಿಂದೆ ಬೀಳುವುದೆಂದರೆ ಏನೆಂದು ನಿಮಗೆ ಬಿಡಿಸಿ ಹೇಳಬೇಕಿಲ್ಲ.

ನನ್ನ ತಪ್ಪು ಇಷ್ಟೇ: 2016ರ ನಕ್ಷೆ ನೋಡಿದೆ, 2012ರದ್ದನ್ನು ನೋಡಲಿಲ್ಲ. ಅದೇ ಹೋವರ್ಡ್ ಕೌಂಟಿ 2012ರಲ್ಲಿ ಒಬಾಮಾ ಅವರನ್ನು ಶೇಕಡಾ 20ಕ್ಕೂ ಹೆಚ್ಚಿನ ಅಂತರದಿಂದ ಗೆಲ್ಲಿಸಿತ್ತು. ಎರಡೂ ಬಾರಿ ಅಷ್ಟು ಅಂತರದಿಂದ ಹೀಗೆ ಮಗುಚಿದ ಕೌಂಟಿ ಇಡೀ ಅಮೆರಿಕದಲ್ಲಿ ಅದೊಂದೇ. ನಾಲ್ಕು ವರ್ಷದಲ್ಲಿ ಹೊರಗಿನವರು ಬಂದು ತುಂಬಿಕೊಳ್ಳುವ ಊರೂ ಅಲ್ಲ ಅದು. ಎಂದರೆ ಒಬಾಮಾಗೆ ಹಾಕಿದ ಕೈಗಳೇ ಟ್ರಂಪ್‌ಗೂ ಹಾಕಿದ್ದವು. ಅಯೋವಾದಲ್ಲಿ ಎರಡು ಬಾರಿ ಒಬಾಮಾಗೆ ಹಾಕಿ ಟ್ರಂಪ್ ಕಡೆ ತಿರುಗಿದ ಕೌಂಟಿಗಳು 31. ರಿಪಬ್ಲಿಕನ್ ಗ್ರಾಸ್ಲಿ ಮತ್ತು ಡೆಮಾಕ್ರಟ್ ಹಾರ್ಕಿನ್ ಇಬ್ಬರನ್ನೂ 30 ವರ್ಷ ಒಟ್ಟಿಗೆ ಸೆನೆಟ್‌ನಲ್ಲಿ ಕೂರಿಸಿದ ರಾಜ್ಯವೂ ಇದೇ. ಕರ್ನಾಟಕದವನಾದ ನನಗೆ ಇದು ಅರ್ಥವಾಗಬೇಕಿತ್ತು. 1984ರ ಡಿಸೆಂಬರ್‌ನಲ್ಲಿ 28ರಲ್ಲಿ 24 ಲೋಕಸಭಾ ಸ್ಥಾನ ಕಾಂಗ್ರೆಸ್‌ಗೆ ಕೊಟ್ಟ ನಮ್ಮವರೇ ಮೂರು ತಿಂಗಳಲ್ಲಿ ಹೆಗಡೆಯವರ ಜನತಾ ಪಕ್ಷಕ್ಕೆ 139 ಶಾಸಕರನ್ನು ಕೊಟ್ಟರು. ನನ್ನ ಅಪ್ಪ ಎರಡೂ ಸಲ ಹಾಗೆಯೇ ಹಾಕಿದ್ದರು, ಅವರನ್ನು ಯಾರೂ ಎರಡು ಮನುಷ್ಯರೆಂದು ಕರೆಯಲಿಲ್ಲ.

ಹೊರಡುವ ದಿನ ರೈತರು ಸಾಮಾನು ಏರಿಸಲು ತಾವಾಗಿಯೇ ಬಂದರು. ಫ್ರಿಜ್‌ನ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ನನ್ನ ಕೈಯಲ್ಲಿ. ‘ಒಬಾಮಾಗೆ ಎರಡು ಸಲ ಹಾಕಿದೆ. ಆಗಲೂ ಬದಲಾವಣೆ ಬೇಕಿತ್ತು, ಈಗಲೂ ಬೇಕು. ನಿನ್ನನ್ನು ಓಡಿಸಲೆಂದು ಹಾಕಲಿಲ್ಲ’ ಎಂದರು. ಅವರ ಆ ಮತವನ್ನು ನಾನು ಇಂದಿಗೂ ಒಪ್ಪುವುದಿಲ್ಲ. 2020, 2024ರಲ್ಲೂ ಅಲ್ಲಿ ಟ್ರಂಪ್ ಅವರೇ ಗೆದ್ದಿದ್ದಾರೆ. ಆದರೂ ಆ ಮನೆ ಬಿಡಬಾರದಿತ್ತು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಊರಿನ ಮತದ ಲೆಕ್ಕ ನೋಡಿ ಕೆಲಸ ಬಿಡಬೇಡಿ, ಹಿಡಿಯಲೂ ಬೇಡಿ. ಗ್ರೀನ್ ಕಾರ್ಡ್ ಅರ್ಜಿ ಯಾವ ತಿಂಗಳು ಹಾಕುತ್ತೀರಿ ಎಂದು ಕಂಪನಿಯವರಿಂದ ಬರೆಸಿಕೊಳ್ಳಿ. ಸಣ್ಣ ಊರುಗಳ ಎಷ್ಟೋ ಆಸ್ಪತ್ರೆಗಳಲ್ಲಿ ಹೆರಿಗೆ ವಿಭಾಗವನ್ನೇ ಮುಚ್ಚಿದ್ದಾರೆ. ನಕ್ಷೆಯಲ್ಲಿ ಏನಾದರೂ ಹುಡುಕಲೇಬೇಕೆಂದಿದ್ದರೆ, ಜನವರಿಯ ಹಿಮದಲ್ಲಿ ಹೆರಿಗೆ ಆಸ್ಪತ್ರೆಗೆ ಎಷ್ಟು ಮೈಲಿ ಎಂಬುದನ್ನು ಇವತ್ತೇ ಹುಡುಕಿ.